ಕುಂಟೆಯ ಹಿಂದೆ ಬರುವ ಬೆಳ್ಳಕ್ಕಿ: ತಲೆ ಕೇಸರಿಯಾದದ್ದೇಕೆ, ತಿನ್ನುವುದೇನು?

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಊರು. ಹೊಲದಲ್ಲಿ ಕುಂಟೆ ಹೊಡೆಯಲು ಎತ್ತು ಕಟ್ಟಿದರೆ ಸಾಕು, ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದು ಬೆನ್ನು ಹತ್ತುತ್ತವೆ. ಮೇಯುವ ಎಮ್ಮೆಗಳ ಮೇಲೂ ಕೂರುತ್ತವೆ. ದನದ ಮೈಮೇಲಿನ ಉಣ್ಣಿ ತಿಂದು ಬದುಕುವ ಹಕ್ಕಿ ಅದು ಎಂದು ನಮ್ಮ ಮುತ್ಯಾ ಹೇಳುತ್ತಾರೆ. ಆದರೆ ಹಕ್ಕಿಗಳು ಇಷ್ಟಿದ್ದರೂ ನಮ್ಮ ಆಕಳ ಉಣ್ಣಿ ಕಡಿಮೆಯಾಗಿಲ್ಲ. ಬಿತ್ತಿದ ಕಾಳನ್ನು ಹೆಕ್ಕುತ್ತವೆ ಎಂದು ಪಕ್ಕದ ಹೊಲದವರು ಕಲ್ಲು ಬೀಸಿ ಓಡಿಸುತ್ತಾರೆ. ಈ ಸಲ ಮಳೆ ಶುರುವಾಗುವ ಹೊತ್ತಿಗೆ ಕೆಲವು ಹಕ್ಕಿಗಳ ತಲೆ, ಕುತ್ತಿಗೆ ಕೇಸರಿ ಬಣ್ಣಕ್ಕೆ ತಿರುಗಿವೆ. ಒಂದೆರಡರ ಕೊಕ್ಕೂ ಕೆಂಪಾಗಿದೆ. ಇದು ಬೇರೆ ಹಕ್ಕಿಯೇ, ಇಲ್ಲಾ ರೋಗವೇ? ಬೇಸಿಗೆಯಲ್ಲಿ ಇವು ಎಲ್ಲಿಗೆ ಹೋಗುತ್ತವೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು "ಹಕ್ಕಿಗಳು ಇಷ್ಟಿದ್ದರೂ ಉಣ್ಣಿ ಕಡಿಮೆಯಾಗಿಲ್ಲ" ಎಂಬ ಮಾತು. ಮನೆಯ ಹಿರಿಯರಿಂದ ಕೇಳಿದ್ದನ್ನು ಕಣ್ಣಾರೆ ಕಂಡದ್ದರ ಜೊತೆ ಇಟ್ಟು ತೂಗಿದ್ದೀರಿ. ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ.

ನಾನು ಪಶುವೈದ್ಯ. ಕಲಬುರಗಿ, ಯಾದಗಿರಿ ಭಾಗದ ಹಳ್ಳಿಗಳಲ್ಲಿ ಮೂವತ್ತು ವರ್ಷ ದನಗಳ ಕಿವಿ ಮಗುಚಿ, ಬಾಲ ಎತ್ತಿ, ಕೆಚ್ಚಲಿನ ಸಂದಿಗೆ ಕೈ ಹಾಕಿ ಉಣ್ಣಿ ಹುಡುಕಿದವನು. ಹಕ್ಕಿ ನೋಡುವುದು ಆ ಕೆಲಸದ ನಡುವೆಯೇ ಅಂಟಿಕೊಂಡ ಪ್ರೀತಿ. ಆದ್ದರಿಂದ ಮೊದಲು ಉಣ್ಣಿಯ ಲೆಕ್ಕವನ್ನೇ ನೋಡೋಣ. ಉಣ್ಣಿ ಎಲ್ಲಿ ಕಚ್ಚಿಕೊಂಡಿರುತ್ತದೆ? ಕಿವಿಯ ಒಳಮಡಿಕೆಯಲ್ಲಿ, ಬಾಲದ ಬುಡದಲ್ಲಿ, ತೊಡೆಯ ಸಂದಿಯಲ್ಲಿ, ಕೆಚ್ಚಲಿನ ಮೇಲೆ, ಗಂಗೆದೊಗಲಿನ ನೆರಿಗೆಗಳಲ್ಲಿ. ಚರ್ಮ ತೆಳ್ಳಗಿದ್ದು, ದನದ ನಾಲಿಗೆಯಾಗಲಿ ಬಾಲವಾಗಲಿ ಸುಲಭವಾಗಿ ತಲುಪದ ಜಾಗಗಳೇ ಅದಕ್ಕೆ ಬೇಕು. ಬೆನ್ನ ಮೇಲೆ ಕೂತ ಬೆಳ್ಳಕ್ಕಿಗೆ ಇವುಗಳಲ್ಲಿ ಬಹುಪಾಲು ಎಟುಕುವುದಿಲ್ಲ. ಎಟುಕಿದರೂ ಕೆಚ್ಚಲಿಗೆ ಚೂಪು ಕೊಕ್ಕು ತಾಗಿಸಿಕೊಂಡು ಸುಮ್ಮನೆ ನಿಲ್ಲುವ ಎಮ್ಮೆಯನ್ನು ನಾನು ಕಂಡಿಲ್ಲ.

ಹಾಗೆಂದು ನಿಮ್ಮ ಮುತ್ಯಾ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಲಗಿ ಮೆಲುಕು ಹಾಕುತ್ತಿರುವ ಎಮ್ಮೆಯ ಕಣ್ಣಂಚಿನ ನೊಣವನ್ನು, ರಕ್ತ ಹೀರಿ ಹುಣಸೆ ಬೀಜದಂತೆ ಉಬ್ಬಿ ನೇತಾಡುವ ಉಣ್ಣಿಯನ್ನು ಅದು ಹೆಕ್ಕುವುದುಂಟು. ಆದರೆ ಅದರ ಊಟದಲ್ಲಿ ಉಣ್ಣಿಗೆ ಇರುವುದು ಉಪ್ಪಿನಕಾಯಿಯ ಪಾಲು, ರೊಟ್ಟಿಯ ಪಾಲಲ್ಲ. ಬೇರೆ ಬೇರೆ ದೇಶಗಳಲ್ಲಿ ಈ ಹಕ್ಕಿಯ ಹೊಟ್ಟೆಯಲ್ಲಿ ಏನಿದೆ ಎಂದು ಪರೀಕ್ಷಿಸಿ ನೋಡಿದಾಗ ಸಿಕ್ಕಿದ್ದರಲ್ಲಿ ಮಿಡತೆಗಳದೇ ಮೇಲುಗೈ. ಉಣ್ಣಿ ಎಲ್ಲೋ ಅಲ್ಲೊಂದು ಇಲ್ಲೊಂದು.

ಉಣ್ಣಿಯ ಬದುಕಿನ ಕ್ರಮವೂ ಹಕ್ಕಿಯ ಕೈಗೆ ಸಿಗುವಂಥದ್ದಲ್ಲ. ನಮ್ಮ ದನಗಳಿಗೆ ಸಾಮಾನ್ಯವಾಗಿ ಹತ್ತುವ ಉಣ್ಣಿ ಮರಿಯಾಗಿ ಮೈ ಏರಿ, ಸುಮಾರು ಮೂರು ವಾರ ಅದೇ ದನದ ಮೇಲಿದ್ದು ಬೆಳೆದು, ಹೊಟ್ಟೆ ತುಂಬಿದ ಮೇಲೆ ಕೆಳಗೆ ಬೀಳುತ್ತದೆ. ಒಂದೊಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ. ಎಲ್ಲಿ? ನಿಮ್ಮ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಗೋದಲಿಯ ಕಲ್ಲುಗಳ ಸಂದಿನಲ್ಲಿ. ಅಲ್ಲಿಗೆ ಬೆಳ್ಳಕ್ಕಿ ಬರುವುದಿಲ್ಲ. ಆದ್ದರಿಂದ ಉಣ್ಣಿಗೆ ಮದ್ದು ಹಕ್ಕಿಯಲ್ಲಿ ಹುಡುಕಬೇಡಿ. ಕೊಟ್ಟಿಗೆಯ ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿಯಿರಿ. ಔಷಧವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ತನ್ನಿ. ತೊಗರಿಗೆ ಹೊಡೆಯಲು ತಂದ ಕೀಟನಾಶಕವನ್ನು ಮಾತ್ರ ದಯವಿಟ್ಟು ದನದ ಮೈಗೆ ಸವರಬೇಡಿ. ಹಾಗೆ ಸವರಿ, ಬಾಯಲ್ಲಿ ನೊರೆ ಬಂದು ಬಿದ್ದ ಆಕಳುಗಳನ್ನು ನೋಡಿದ ಸಂಕಟ ನನಗಿದೆ.

ಹಾಗಾದರೆ ಬೆಳ್ಳಕ್ಕಿ ದನದ ಹಿಂದೆ ಯಾಕೆ ಬರುತ್ತದೆ? ದನದ ಚರ್ಮವನ್ನು ಬಿಟ್ಟು ಗೊರಸನ್ನು ನೋಡಿ, ತಿಳಿಯುತ್ತದೆ.

ಮಳಖೇಡದ ಹತ್ತಿರ ಕಾಗಿಣಾ ನದಿಯ ದಂಡೆಯಲ್ಲಿ ಒಂದು ಬೆಳಿಗ್ಗೆ ಎಮ್ಮೆಗಳ ನಡುವೆ ಕೂತು ಒಂದೇ ಒಂದು ಹಕ್ಕಿಯನ್ನು ಬಹಳ ಹೊತ್ತು ನೋಡಿದೆ. ಅದು ಎಮ್ಮೆಯ ಬಲ ಮುಂಗಾಲಿನ ಪಕ್ಕದಲ್ಲಿ, ಒಂದು ಮಾರು ದೂರವೂ ಬಿಡದೆ ನಡೆಯುತ್ತಿತ್ತು. ಎಮ್ಮೆ ಹುಲ್ಲಿಗೆ ಬಾಯಿ ಹಾಕಿದಾಗ ಹಕ್ಕಿಯೂ ನಿಲ್ಲುತ್ತಿತ್ತು. ಎಮ್ಮೆ ಕಾಲೆತ್ತಿದಾಗ ಹಕ್ಕಿಯ ಕುತ್ತಿಗೆ ಉದ್ದವಾಗುತ್ತಿತ್ತು. ಗೊರಸು ಹುಲ್ಲಿನ ಮೇಲೆ ಊರಿದ ಕ್ಷಣ ಹಸಿರು ಮಿಡತೆಯೊಂದು ಚಿಮ್ಮಿತು. ಆಗ ನೋಡಿದ್ದನ್ನು ಹೇಳುತ್ತೇನೆ: ಹಕ್ಕಿಯ ಮೈ ಕಲ್ಲಿನಂತೆ ನಿಂತಿತ್ತು, ಕುತ್ತಿಗೆ ಮಾತ್ರ ಎಡಕ್ಕೆ ಬಲಕ್ಕೆ ಎರಡು ಸಲ ತೂಗಿತು, ಮರುಕ್ಷಣವೇ ತಲೆ ಬಾಣದಂತೆ ಹೋಗಿ ಬಂತು. ಮಿಡತೆ ಕೊಕ್ಕಿನ ತುದಿಯಲ್ಲಿ ಅಡ್ಡವಾಗಿತ್ತು. ಒಮ್ಮೆ ಕೊಡವಿ, ತಲೆ ಮೇಲಕ್ಕೆತ್ತಿ, ಉದ್ದುದ್ದ ಮಾಡಿಕೊಂಡು ನುಂಗಿತು. ಗಂಟಲಿನಲ್ಲಿ ಸಣ್ಣ ಗಂಟೊಂದು ಕೆಳಗಿಳಿಯುವುದು ಕಾಣಿಸಿತು. ಅಷ್ಟರಲ್ಲಿ ಎಮ್ಮೆ ಮುಂದಿನ ಹೆಜ್ಜೆ ಇಟ್ಟಾಗಿತ್ತು. ಆ ಹೊತ್ತಿನುದ್ದಕ್ಕೂ ಹಕ್ಕಿ ಒಂದೇ ಒಂದು ಸಲವೂ ಎಮ್ಮೆಯ ಮೈಗೆ ಕೊಕ್ಕು ಹಾಕಲಿಲ್ಲ.

ಹುಲ್ಲಿನ ಬಣ್ಣದ್ದೇ ಆದ ಮಿಡತೆ ಅಲುಗಾಡದೆ ಕೂತರೆ ಎಷ್ಟು ಚುರುಕು ಕಣ್ಣಿಗೂ ಕಾಣುವುದಿಲ್ಲ. ಅಲುಗಿದರೆ ಸಿಕ್ಕಿತು. ಅದನ್ನು ಅಲುಗಿಸುವ ಕೆಲಸವನ್ನು ಎಮ್ಮೆ ಮಾಡುತ್ತದೆ, ತನಗೆ ತಿಳಿಯದೆಯೇ. ಇದರಿಂದ ಹಕ್ಕಿಗೆ ಆಗುವ ಲಾಭವನ್ನು ಅಳೆದು ನೋಡಿದವರಿದ್ದಾರೆ. ಒಂಟಿಯಾಗಿ ಹುಡುಕುವಾಗ ಸಿಗುವುದಕ್ಕಿಂತ ದನದ ಜೊತೆ ನಡೆಯುವಾಗ 3.6 ಪಟ್ಟು ಹೆಚ್ಚು ಬೇಟೆ ಸಿಕ್ಕಿದ್ದು ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಎಲ್ಲ ಪ್ರಾಣಿಯೂ ಇದಕ್ಕೆ ಆಗಿಬರುವುದಿಲ್ಲ. ನಿಮಿಷಕ್ಕೆ ಐದರಿಂದ ಹದಿನೈದು ಹೆಜ್ಜೆ ಹಾಕುವ ಪ್ರಾಣಿಯನ್ನು ಅದು ಆರಿಸಿಕೊಳ್ಳುತ್ತದೆ. ಅದಕ್ಕಿಂತ ನಿಧಾನವಾದರೆ ಹುಳು ಏಳುವುದಿಲ್ಲ, ಬೇಗವಾದರೆ ಹಿಡಿಯಲು ಪುರಸೊತ್ತಿಲ್ಲ. ಮೇಯುವ ಎಮ್ಮೆಯ ನಡಿಗೆ ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ. ಆಫ್ರಿಕದ ಬಯಲುಗಳಲ್ಲಿ ಇದೇ ಜಾತಿಯ ಹಕ್ಕಿಗಳು ಕಾಡೆಮ್ಮೆ, ಜೀಬ್ರಾಗಳ ಹಿಂದೆ ಹೋಗುತ್ತವೆ.

ಒಂದು ಎಮ್ಮೆಯ ಸುತ್ತ ಎರಡು ಮೂರು ಹಕ್ಕಿಗಳಿದ್ದಾಗ ಸ್ವಲ್ಪ ಹೊತ್ತು ನಿಂತು ನೋಡಿ. ಬಲವಾದದ್ದು ಎಮ್ಮೆಗೆ ಅಂಟಿಕೊಂಡಂತೆ ನಡೆಯುತ್ತದೆ, ಉಳಿದವು ಹೊರಗಿನ ಸುತ್ತಿನಲ್ಲಿರುತ್ತವೆ. ಹೊರಗಿನದು ಹತ್ತಿರ ಬಂದರೆ ಒಳಗಿನದು ಗರಿ ಕೆದರಿ ಒಂದೆರಡು ಹೆಜ್ಜೆ ಅಟ್ಟಿಸುತ್ತದೆ. ಆದರೆ ಹತ್ತು ಹದಿನೈದು ಹಕ್ಕಿಗಳು ಒಟ್ಟಿಗೆ ನುಗ್ಗಿದರೆ ಜಗಳ ಬಿಟ್ಟು ಬೇರೆ ಎಮ್ಮೆ ನೋಡಿಕೊಳ್ಳುತ್ತದೆ.

ಕುಂಟೆಯ ಹಿಂದೆ, ಟ್ರ್ಯಾಕ್ಟರಿನ ಹಿಂದೆ ಬರುವುದಕ್ಕೂ ಇದೇ ಕಾರಣ. ಎರೆ ಭೂಮಿಯನ್ನು ಕುಂಟೆಯ ಅಲಗು ಹೆರೆದುಕೊಂಡು ಹೋದಾಗ ಮೇಲ್ಮಣ್ಣಿನಲ್ಲಿ ಅಡಗಿದ ಗೊಣ್ಣೆಹುಳು, ಚಿಮ್ಮಂಡೆ, ಎರೆಹುಳು, ಬಿರುಕಿನೊಳಗಿನ ಜೇಡ, ಹಾವುರಾಣಿ ಎಲ್ಲವೂ ಬೆಳಕಿಗೆ ಬೀಳುತ್ತವೆ. ಎತ್ತಾಗಲಿ ಎಂಜಿನ್ನಾಗಲಿ, ಹಕ್ಕಿಗೆ ಎರಡೂ ಒಂದೇ. ಟ್ರ್ಯಾಕ್ಟರ್ ವೇಗವಾಗಿ ಹೋಗುವುದರಿಂದ ಅದರ ಹಿಂದೆ ಹೆಚ್ಚು ಓಡಾಡಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. ಎತ್ತುಗಳು ಕಡಿಮೆಯಾದ ನಮ್ಮ ಊರುಗಳಲ್ಲೂ ಈ ಹಕ್ಕಿ ಉಳಿದುಕೊಂಡಿರುವುದಕ್ಕೆ ಈ ಹೊಂದಿಕೊಳ್ಳುವ ಗುಣವೂ ಒಂದು ಕಾರಣ ಎಂದು ನನ್ನ ನಂಬಿಕೆ. ಬೆನ್ನ ಮೇಲೆ ಕೂರುವುದೂ ಬಹುಪಾಲು ಇದೇ ಕೆಲಸಕ್ಕೆ. ಎತ್ತರದಿಂದ ಸುತ್ತ ಏನು ಅಲುಗಿತೆಂದು ಕಾಣುತ್ತದೆ. ಕಾಜಾಣವೂ ಅದಕ್ಕೇ ಅಲ್ಲಿ ಕೂರುತ್ತದೆ. ಹಾರಿದ ಹುಳುವನ್ನು ಕಾಜಾಣ ಗಾಳಿಯಲ್ಲೇ ಹಿಡಿದರೆ, ಬೆಳ್ಳಕ್ಕಿ ಇಳಿದು ನೆಲದಲ್ಲಿ ಹಿಡಿಯುತ್ತದೆ.

ಈಗ ಕಾಳಿನ ಮಾತು. ಬೆಳ್ಳಕ್ಕಿಯ ಕೊಕ್ಕು ಚಿಮಟದಂಥದ್ದು, ಕಾಳು ಒಡೆಯುವ ಕೊಕ್ಕಲ್ಲ. ಅದು ಮಾಂಸಾಹಾರಿ. ಮಿಡತೆ, ಚಿಮ್ಮಂಡೆ, ದುಂಬಿ, ನೊಣ ಮತ್ತು ಅದರ ಹುಳು, ಪತಂಗ, ಜೇಡ, ಕಪ್ಪೆ, ಹಲ್ಲಿ, ಓತಿಕ್ಯಾತ, ಕೆಲವೊಮ್ಮೆ ಇಲಿಮರಿ. ಜೋಳವಾಗಲಿ ಕಡಲೆಯಾಗಲಿ ತೊಗರಿಯಾಗಲಿ ಅದರ ಆಹಾರವಲ್ಲ. ಬಿತ್ತಿದ ಹೊಲದಲ್ಲಿ ಕಾಳು ಹೋಗಿದ್ದರೆ ಪಾರಿವಾಳ, ಬೆಳವ, ನವಿಲುಗಳ ಕಡೆ ನೋಡಬೇಕು. ಬೆಳ್ಳಕ್ಕಿ ಬಿಳಿ ಬಣ್ಣದ್ದು, ಕಪ್ಪು ಹೊಲದಲ್ಲಿ ಅರ್ಧ ಮೈಲಿಯಿಂದಲೂ ಕಾಣುತ್ತದೆ. ಬೆಳವ ಮಣ್ಣಿನ ಬಣ್ಣದ್ದು, ಹತ್ತು ಹೆಜ್ಜೆ ಹತ್ತಿರದಿಂದಲೂ ಕಾಣುವುದಿಲ್ಲ. ಕಂಡ ಹಕ್ಕಿಯ ಮೇಲೆ ಅಪವಾದ ಬಂದಿದೆ. ನಿಮ್ಮ ಪಕ್ಕದ ಹೊಲದವರು ಕಲ್ಲು ಬೀಸುವುದು ತಮ್ಮ ಬೆಳೆಯ ಮಿಡತೆಗಳನ್ನು ತಿನ್ನುವ ಕೂಲಿಯವರ ಮೇಲೆ, ಅದೂ ಸಂಬಳ ಕೇಳದವರ ಮೇಲೆ ಎಂದು ಅವರಿಗೆ ನನ್ನ ಪರವಾಗಿ ಹೇಳಿ. ಆದರೆ ತೊಗರಿಯ ಕಾಯಿಕೊರಕ ಹುಳುವನ್ನೂ ಬೆಳ್ಳಕ್ಕಿ ತಿಂದು ಮುಗಿಸುತ್ತದೆ ಎಂದು ನಾನು ಹೇಳಲಾರೆ. ತೊಗರಿ ಆಳೆತ್ತರ ಬೆಳೆದು ಒತ್ತಾದ ಮೇಲೆ ಅದರೊಳಗೆ ಈ ಹಕ್ಕಿ ನಡೆಯುವುದಿಲ್ಲ. ಅದರದು ಬಯಲಿನ ಬೇಟೆ.

ಹಕ್ಕಿಯನ್ನೇ ಕೀಟನಾಶಕವೆಂದು ನಂಬಿ ಕೆಟ್ಟವರೂ ಇದ್ದಾರೆ. ಹವಾಯಿ ದ್ವೀಪಗಳಲ್ಲಿ ದನಗಳನ್ನು ಕಾಡುವ ನೊಣಗಳ ಕಾಟ ತಗ್ಗಿಸಲು 1959ರಲ್ಲಿ ಈ ಹಕ್ಕಿಗಳನ್ನು ತಂದು ಬಿಟ್ಟರು. ಅವು ನೊಣಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಅಲ್ಲಿನ ಅಪರೂಪದ ನೀರುಹಕ್ಕಿಗಳ ಮರಿಗಳನ್ನು ತಿನ್ನತೊಡಗಿದವು, ವಿಮಾನ ನಿಲ್ದಾಣಗಳಲ್ಲಿ ಅಪಾಯವಾದವು. ಹಕ್ಕಿಯ ತಪ್ಪೇನೂ ಇಲ್ಲ, ಅದರ ಊಟವನ್ನು ತಪ್ಪಾಗಿ ತಿಳಿದವರದು.

ಇನ್ನು ರೂಪ. ನಾವು ಬೆಳ್ಳಕ್ಕಿ ಎಂದು ಒಂದೇ ಹೆಸರಿನಲ್ಲಿ ಕರೆಯುವ ಬಿಳಿ ಹಕ್ಕಿಗಳಲ್ಲಿ ನಾಲ್ಕು ಜಾತಿಗಳಾದರೂ ನಿಮ್ಮ ಭೀಮಾ ದಂಡೆಯಲ್ಲಿ ಸಿಗುತ್ತವೆ. ಎತ್ತಿನ ಹಿಂದೆ ಬರುವುದಕ್ಕೆ ಪಕ್ಷಿ ಪುಸ್ತಕಗಳಲ್ಲಿ ಗೋವಕ್ಕಿ ಎಂಬ ಚೆಂದದ ಹೆಸರಿದೆ. ನಾಲ್ಕರಲ್ಲಿ ಇದೇ ಗಿಡ್ಡ, ಇದೇ ದುಂಡು. ಉದ್ದ 46ರಿಂದ 56 ಸೆಂಟಿಮೀಟರ್, ರೆಕ್ಕೆ ಹರಡಿದರೆ 88ರಿಂದ 96 ಸೆಂಟಿಮೀಟರ್, ತೂಕ ಮುನ್ನೂರರಿಂದ ಐನೂರು ಗ್ರಾಂ ಆಸುಪಾಸು. ಕುತ್ತಿಗೆ ಮೋಟು, ಕೊಕ್ಕು ಗಟ್ಟಿ ಮತ್ತು ಹಳದಿ. ಗುರುತು ಹಿಡಿಯಲು ನಾನು ನೋಡುವುದು ಗದ್ದವನ್ನು: ಕೆಳಕೊಕ್ಕಿನ ಅಡಿಯವರೆಗೂ ಗರಿ ಬೆಳೆದಿರುವುದರಿಂದ ಮುಖಕ್ಕೆ ದಪ್ಪ ದವಡೆ ಬಂದಂತೆ, ಹಲ್ಲುನೋವಿನಿಂದ ಬಾತಂತೆ ಕಾಣುತ್ತದೆ. ಬೇರೆ ಬೆಳ್ಳಕ್ಕಿಗಳ ಮುಖ ಹೀಗಿರುವುದಿಲ್ಲ. ನಡೆಯುವಾಗ ಹೆಜ್ಜೆಹೆಜ್ಜೆಗೂ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ಗಂಡು ಹೆಣ್ಣು ನೋಡಲು ಒಂದೇ, ಗಂಡು ತುಸು ದೊಡ್ಡದು.

ನೀರಿನಂಚಿನಲ್ಲಿ ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಹಳದಿ ಬೆರಳುಗಳ ತೆಳ್ಳಗಿನ ಹಕ್ಕಿ ಕಂಡರೆ ಅದು ಸಣ್ಣ ಬೆಳ್ಳಕ್ಕಿ. ಉದ್ದ ಕುತ್ತಿಗೆ, ಹಳದಿ ಕೊಕ್ಕು, ಕಪ್ಪು ಕಾಲು ಇದ್ದರೆ ಮಧ್ಯಮ ಬೆಳ್ಳಕ್ಕಿ ಇಲ್ಲವೇ ದೊಡ್ಡ ಬೆಳ್ಳಕ್ಕಿ. ಬಾಯಿಯ ಸೀಳು ಕಣ್ಣಿನ ಹಿಂದಕ್ಕೂ ಚಾಚಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಥಟ್ಟನೆ ಬಿಳಿ ರೆಕ್ಕೆ ತೋರುವುದು ಕೊಳದ ಬಕ. ಅದು ಈ ನಾಲ್ಕರಲ್ಲಿ ಸೇರಿದ್ದಲ್ಲ.

ಈ ನೆಂಟರ ನಡುವೆ ಗೋವಕ್ಕಿ ಬೇರೆ ದಾರಿ ಹಿಡಿದ ಕಥೆ ನನಗೆ ಅತ್ಯಂತ ಪ್ರಿಯವಾದದ್ದು. ಬಕಧ್ಯಾನ ಎನ್ನುತ್ತೇವಲ್ಲ, ಒಂಟಿ ಕಾಲಿನಲ್ಲಿ ಮೌನವಾಗಿ ನಿಂತು ಮೀನಿಗಾಗಿ ಕಾಯುವುದು, ಅದು ನೀರುಹಕ್ಕಿಗಳ ಗುಣ. ಗೋವಕ್ಕಿಗೆ ಧ್ಯಾನ ಒಗ್ಗದು, ನಡೆಯಬೇಕು. ಸಣ್ಣ ಬೆಳ್ಳಕ್ಕಿ ಕೆಸರಿನಲ್ಲಿ ತನ್ನ ಹಳದಿ ಪಾದವನ್ನೇ ಗಡಗಡ ಅಲುಗಿಸಿ ಮೀನನ್ನು ಎಬ್ಬಿಸುತ್ತದೆ. ಗೋವಕ್ಕಿ ಆ ಕೆಲಸಕ್ಕೆ ಎಮ್ಮೆಯ ಪಾದವನ್ನು ಕಡ ತೆಗೆದುಕೊಂಡಿದೆ. ಇನ್ನೂ ಒಂದು ಸೂಕ್ಷ್ಮವಿದೆ. ನೀರಿನಲ್ಲಿ ಮುಳುಗಿದ ಕೋಲು ಸೊಟ್ಟಗೆ ಕಾಣುವುದಿಲ್ಲವೇ? ಹಾಗೆಯೇ ಮೀನೂ ಇದ್ದ ಜಾಗದಲ್ಲಿ ಕಾಣುವುದಿಲ್ಲ. ಮೀನು ಹಿಡಿಯುವ ಬೆಳ್ಳಕ್ಕಿಗಳು ಆ ವ್ಯತ್ಯಾಸವನ್ನು ಲೆಕ್ಕ ಹಿಡಿದು ಕೊಕ್ಕು ಹಾಕುತ್ತವೆ. ಗೋವಕ್ಕಿ ಆ ಲೆಕ್ಕವನ್ನು ಮರೆತಿದೆ, ನೀರಿನೊಳಗಿನ ಬೇಟೆಗೆ ಅದರ ಗುರಿ ತಪ್ಪುತ್ತದೆ. ಅದರ ಬದಲಿಗೆ ಕೊಕ್ಕಿನ ತುದಿಯತ್ತ ಎರಡೂ ಕಣ್ಣುಗಳು ಒಟ್ಟಿಗೆ ನೆಡುವಂತೆ ಅದರ ಮುಖವಿದೆ. ಚಿಮ್ಮುವ ಮಿಡತೆಯ ದೂರವನ್ನು ಅಳೆಯಲು ಬೇಕಾದದ್ದು ಅದು. ಕೊಕ್ಕು ಹಾಕುವ ಮುನ್ನ ಕುತ್ತಿಗೆ ತೂಗುವುದೂ ಬಹುಶಃ ಈ ಅಳತೆಗೇ.

ಕೇಸರಿ ಬಣ್ಣದ ವಿಷಯಕ್ಕೆ ಬರುತ್ತೇನೆ. ಹೆದರಬೇಡಿ, ರೋಗವಲ್ಲ. ಬೇರೆ ಹಕ್ಕಿಯೂ ಅಲ್ಲ. ನೀವು ಕಂಡದ್ದು ಮದುವೆಯ ಉಡುಪು. ಮರಿ ಮಾಡುವ ಕಾಲ ಹತ್ತಿರವಾದಾಗ ತಲೆ, ಕುತ್ತಿಗೆ, ಎದೆ ಮತ್ತು ಬೆನ್ನಿನ ಮೇಲೆ ಅರಿಸಿನಕ್ಕೆ ಕುಂಕುಮ ಬೆರೆಸಿದಂಥ ಬಣ್ಣದ ಗರಿಗಳು ಬರುತ್ತವೆ. ಬೆನ್ನಿನವು ದಾರದಂತೆ ಎಳೆಎಳೆಯಾಗಿ ಇಳಿಬಿದ್ದಿರುತ್ತವೆ. ಹಳದಿ ಕೊಕ್ಕು, ಕಪ್ಪು ಛಾಯೆಯ ಕಾಲು, ಕಣ್ಣು ಇವೆಲ್ಲ ಕೆಂಪಾಗುವುದು ಜೋಡಿ ಕೂಡುವ ಮುನ್ನ, ಅದೂ ಕೆಲವೇ ದಿನ. ಆದ್ದರಿಂದಲೇ ನಿಮಗೆ ಕೇಸರಿ ತಲೆಯವು ಹಲವು ಕಂಡರೂ ಕೆಂಪು ಕೊಕ್ಕಿನವು ಒಂದೆರಡೇ ಕಂಡವು. ಕೆಂಪು ಕೊಕ್ಕಿನ ಹಕ್ಕಿಯನ್ನು ಕಂಡ ಮೇಲೆ ಹತ್ತಿರದಲ್ಲೇ ಎಲ್ಲೋ ಗೂಡು ಕಟ್ಟುತ್ತಿದ್ದಾರೆ ಎಂದು ತಿಳಿಯಿರಿ. ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿ ಉದುರಿ ಮತ್ತೆ ಬರಿ ಬಿಳಿ. ಎಳೆ ಹಕ್ಕಿಗಳಿಗೆ ಈ ಬಣ್ಣವಿಲ್ಲ, ಅವುಗಳ ಕೊಕ್ಕು ಮೊದಮೊದಲು ಕಪ್ಪಾಗಿರುತ್ತದೆ.

ಏಷ್ಯಾದ ಗೋವಕ್ಕಿಯಲ್ಲಿ ಈ ಬಣ್ಣ ಕೆನ್ನೆ, ಗಂಟಲುಗಳನ್ನೂ ಆವರಿಸುತ್ತದೆ. ಆಫ್ರಿಕ, ಯುರೋಪು, ಅಮೆರಿಕಗಳ ಗೋವಕ್ಕಿಗೆ ನೆತ್ತಿ, ಎದೆ, ಬೆನ್ನಿನ ಮೇಲೆ ತುಸು ಮಸುಕಾದ ಬಣ್ಣವಷ್ಟೆ. ನಮ್ಮದರ ಕೊಕ್ಕು ಮತ್ತು ಕಾಲೂ ಸ್ವಲ್ಪ ಉದ್ದ. ಇಂಥ ವ್ಯತ್ಯಾಸಗಳಿಂದ ಇವೆರಡನ್ನೂ ಈಗ ಬೇರೆ ಬೇರೆ ಜಾತಿಗಳೆಂದು ಎಣಿಸುತ್ತಾರೆ. ನಮ್ಮದಕ್ಕೆ ಕೊರೊಮಾಂಡಲ್ ತೀರದ ಹೆಸರಿನಿಂದ ವೈಜ್ಞಾನಿಕ ಹೆಸರು ಬಂದಿದೆ. ಬಹುಕಾಲ ಬಳಕೆಯಲ್ಲಿದ್ದ ಅದರ ಕುಲನಾಮ ಬ್ಯುಬಲ್ಕಸ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ದನ ಕಾಯುವವನು. ನಮ್ಮವರು ಗೋವಕ್ಕಿ ಎಂದರು, ಅವರು ದನಗಾಹಿ ಎಂದರು. ಪಶ್ಚಿಮದ ಗೋವಕ್ಕಿ 1877ರ ಹೊತ್ತಿಗೆ ಅಟ್ಲಾಂಟಿಕ್ ಸಾಗರ ದಾಟಿ ದಕ್ಷಿಣ ಅಮೆರಿಕದ ಈಶಾನ್ಯ ತೀರದಲ್ಲಿ ಕಾಣಿಸಿಕೊಂಡಿತು. 1953ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮರಿ ಮಾಡಿತು. ಯಾರೂ ಹೊತ್ತು ತಂದದ್ದಲ್ಲ, ತಾನೇ ಹಾರಿ ಹೋದದ್ದು. ಕಾಡು ಕಡಿದು ಹುಲ್ಲುಗಾವಲು ಮಾಡಿ ದನ ಬಿಟ್ಟಲ್ಲೆಲ್ಲ ಅದಕ್ಕೆ ಊಟ ಸಿಕ್ಕಿತು.

ಗೂಡಿನ ವಿಷಯವನ್ನು ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ಮುಂಗಾರಿನ ಜೊತೆ ಇವು ಊರೊಳಗಿನ ಹುಣಸೆ, ಆಲ, ಅರಳಿ, ಬೇವಿನ ಮರಗಳಲ್ಲಿ, ಕೆರೆಯಂಚಿನ ಜಾಲಿಗಳಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ನೀರುಕಾಗೆ, ಕೊಳದ ಬಕ, ಬೇರೆ ಬೆಳ್ಳಕ್ಕಿಗಳೂ ಅದೇ ಮರದಲ್ಲಿರುತ್ತವೆ. ಗಂಡು ಕಡ್ಡಿ ತರುತ್ತದೆ, ಹೆಣ್ಣು ಜೋಡಿಸುತ್ತದೆ. ಪಕ್ಕದ ಗೂಡಿನ ಕಡ್ಡಿ ಕದಿಯುವುದೂ ಧಾರಾಳವಾಗಿ ನಡೆಯುತ್ತದೆ. ತೆಳು ನೀಲಿ ಛಾಯೆಯ ಮೂರು ನಾಲ್ಕು ಮೊಟ್ಟೆ, ಇಬ್ಬರೂ ಸರದಿಯಲ್ಲಿ ಸುಮಾರು 23 ದಿನ ಕಾವು ಕೊಡುತ್ತಾರೆ. ಮರಿಗಳು ಇಪ್ಪತ್ತು ದಿನಕ್ಕೆ ಗೂಡು ಬಿಟ್ಟು ಕೊಂಬೆ ಹತ್ತುತ್ತವೆ, ಮೂವತ್ತು ದಿನಕ್ಕೆ ಹಾರುತ್ತವೆ, ಒಂದೂವರೆ ತಿಂಗಳಿಗೆ ತಮ್ಮ ಊಟ ತಾವೇ ನೋಡಿಕೊಳ್ಳುತ್ತವೆ. ಮರದ ಕೆಳಗೆ ಹಿಕ್ಕೆಯ ವಾಸನೆ ಜೋರಾಗಿರುತ್ತದೆ, ಸುಳ್ಳು ಹೇಳುವುದಿಲ್ಲ.

ಆ ವಾಸನೆಗಾಗಿಯೇ ನಮ್ಮ ಜಿಲ್ಲೆಯ ಒಂದು ಪಟ್ಟಣದಲ್ಲಿ, ಒಂದು ಕಚೇರಿಯ ಅಂಗಳದ ಹುಣಸೆ ಮರದ ಕೊಂಬೆಗಳನ್ನು ಜುಲೈ ತಿಂಗಳಲ್ಲಿ ಕಡಿಸಿದರು. ಯಾರೋ ಬಂದು ಕರೆದದ್ದರಿಂದ ನಾನು ಹೋದೆ. ಇನ್ನೂ ರೆಕ್ಕೆ ಬಲಿಯದ ಮರಿಗಳು ಎಲೆಗಳ ನಡುವೆ ಬಿದ್ದಿದ್ದವು. ಬೆಳ್ಳಕ್ಕಿ ಮರಿ ಗಾಬರಿಯಾದರೆ ನುಂಗಿದ್ದನ್ನು ಕಕ್ಕುತ್ತದೆ. ನನ್ನ ಅಂಗೈ ಮೇಲೆ ಒಂದು ಮರಿ ಕಕ್ಕಿದ್ದನ್ನು ಕಡ್ಡಿಯಿಂದ ಬಿಡಿಸಿ ನೋಡಿದೆ: ಏಳು ಮಿಡತೆಗಳು, ಒಂದು ಚಿಮ್ಮಂಡೆ, ಒಂದು ಪುಟ್ಟ ಕಪ್ಪೆಯ ಕಾಲು. ಒಂದು ಉಣ್ಣಿಯೂ ಇರಲಿಲ್ಲ, ಒಂದು ಕಾಳೂ ಇರಲಿಲ್ಲ. ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾದದ್ದು ಅದೇ. ಆ ಮರಿಗಳಲ್ಲಿ ಬದುಕಿದ್ದು ಕೆಲವು ಮಾತ್ರ. ಕೊಂಬೆ ಕಡಿಯಲೇಬೇಕಿದ್ದರೆ ಮರಿಗಳು ಹಾರಿಹೋಗುವವರೆಗೆ ಕಾಯಬಹುದಿತ್ತು, ಎರಡು ತಿಂಗಳ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಈ ಹಕ್ಕಿಗಿದೆ. ನಿಮ್ಮ ಊರಿನಲ್ಲಿ ಅಂಥ ಮರವಿದ್ದರೆ ಮಳೆಗಾಲದಲ್ಲಿ ಅದಕ್ಕೆ ಕೊಡಲಿ ತಾಗದಂತೆ ನೋಡಿಕೊಳ್ಳಿ. ಕೆಳಗೆ ಬಿದ್ದ ಮರಿಗೆ ಗಾಯವಿಲ್ಲದಿದ್ದರೆ ಅದೇ ಮರದ ಕೊಂಬೆಗೆ ಹತ್ತಿಸಿ. ಮುಖ ಹತ್ತಿರ ಒಯ್ಯಬೇಡಿ, ಮರಿಯಾದರೂ ನೇರವಾಗಿ ಕಣ್ಣಿಗೆ ಕುಕ್ಕುತ್ತದೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಕೊನೆಯದಾಗಿ ಬೇಸಿಗೆ. ಇವು ದೂರದೇಶದಿಂದ ಬರುವ ವಲಸೆ ಹಕ್ಕಿಗಳಲ್ಲ. ಏಪ್ರಿಲ್‌ನಲ್ಲಿ ಎರೆ ಹೊಲ ಬಾಯಿಬಿಟ್ಟು ಹುಲ್ಲು ಒಣಗಿದಾಗ ನಿಮ್ಮ ಹೊಲದಲ್ಲಿ ಮಿಡತೆಯಿಲ್ಲ, ಹಾಗಾಗಿ ಹಕ್ಕಿಯೂ ಇಲ್ಲ. ಆಗ ಅವು ಹಸಿ ಇರುವಲ್ಲಿಗೆ ಸರಿಯುತ್ತವೆ: ಭೀಮಾ, ಕಾಗಿಣಾಗಳ ಮಡುಗಳ ಸುತ್ತ, ನಾರಾಯಣಪುರ ಕಾಲುವೆಗೆ ನೀರು ಬಿಟ್ಟಿದ್ದರೆ ಶಹಾಪುರ, ಸುರಪುರದ ಭತ್ತದ ಗದ್ದೆಗಳಿಗೆ, ಬೋನಾಳ ಕೆರೆಯ ಕಡೆಗೆ. ಕೆಲವು ಊರ ತಿಪ್ಪೆಗಳಲ್ಲಿ ನೊಣ, ಹುಳು ಹೆಕ್ಕಿಕೊಂಡು ದಿನ ದೂಡುತ್ತವೆ. ಕಲಬುರಗಿಯ ಅಪ್ಪನ ಕೆರೆಯ ದಿಕ್ಕಿಗೆ ಸಂಜೆ ಸಾಲುಸಾಲಾಗಿ ಹಾರಿ ಬರುವ ಬಿಳಿ ಹಕ್ಕಿಗಳಲ್ಲಿ ಇವೂ ಇರುತ್ತವೆ. ಕಾರಹುಣ್ಣಿಮೆಯ ಆಚೀಚೆ ಮೊದಲ ಹದ ಮಳೆಯಾಗಿ ಹುತ್ತಗಳಿಂದ ಈಸಲು ಹುಳುಗಳು ಎದ್ದ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿ. ನೀವು ಎತ್ತಿನ ಕೊರಳಿಗೆ ನೊಗ ಏರಿಸುವ ಮೊದಲೇ ಅವು ಬದುವಿನ ಮೇಲೆ ಬಂದು ನಿಂತಿರುತ್ತವೆ.